ಮರ್ಯಾದೆಯ ಇಂಚು

ನಮ್ಮ ಬಚ್ಚಲುಮನೆಯ ಬಾಗಿಲ ಹಿಂದೆ ನಾಲ್ಕು ದಿನಗಳಿಂದ ಒಬ್ಬರು ನಿಂತಿದ್ದಾರೆ. ಮೈ ಕಪ್ಪು, ಹೆಗಲು ಕೆಂಪು, ಕಾಲಿಗೆ ಬೂಟು, ತಲೆ ಇಲ್ಲ. ಮೊದಲ ದಿನ ಬೆಳಿಗ್ಗೆ ಕನ್ನಡಕವಿಲ್ಲದೆ ಒಳಗೆ ಹೋದ ನಾನು ‘ಓ, ಐ ಆಮ್ ಸೋ ಸಾರಿ’ ಎಂದು ಬಾಗಿಲೆಳೆದುಕೊಂಡು, ಅವರು ಮುಗಿಸಿ ಬರಲಿ ಎಂದು ಹೊರಗೆ ಕಾಯುತ್ತ ನಿಂತೆ. ಕಾನ್ವೆಂಟಿನಲ್ಲಿ ಹನ್ನೊಂದು ವರ್ಷ ಕಲಿತದ್ದರಲ್ಲಿ ಇವತ್ತಿಗೂ ನನ್ನಲ್ಲಿ ಉಳಿದಿರುವುದು ಇಷ್ಟೇ: ಬಾಗಿಲು ತಟ್ಟುವುದು, ಸಾರಿ ಹೇಳುವುದು, ಅಂಗಿಯ ಅಳತೆ ತೆಗೆಯುವುದು. ಈಗ ಹೇಳಹೊರಟಿರುವುದು ಮೂರನೆಯದರ ವಿಷಯ. ಎರಡನೆಯದೂ ನಡುವೆ ಬಂದೀತು.

ಬಾಗಿಲ ಹಿಂದಿರುವುದು ನನ್ನ ಮೊಮ್ಮಗಳು ಜೊಯ್ಲಿನಳ ಡ್ರೈಸೂಟ್. ತಣ್ಣೀರಿನ ಸಮುದ್ರದಲ್ಲಿ ಮುಳುಗುವವರು ತೊಡುವ ಇಡೀ ಮೈಯ ಕವಚ. ಕೊರಳಿಗೂ ಮಣಿಕಟ್ಟಿಗೂ ರಬ್ಬರಿನ ಬಿಗಿಪಟ್ಟಿ. ಒಂದು ಹನಿ ಒಳಗೆ ಹೋಗಬಾರದು. ಒಳಗೆ ಬೆಚ್ಚನೆಯ ದಪ್ಪ ಉಡುಪು, ಅದರ ಸುತ್ತ ಒಂದಿಷ್ಟು ಗಾಳಿ. ನೀರಿಗಿಳಿದು ನೀರು ಮುಟ್ಟಿಸಿಕೊಳ್ಳದೆ ಬರುವುದಾದರೆ ಇಳಿಯುವುದೇತಕ್ಕೆ ಎಂದು ಕೇಳಿದ್ದೆ. ‘ನೋಡ್ಲಿಕ್ಕೆ, ಮಾಯ್’ ಎಂದಿದ್ದಳು. ನಮ್ಮ ಕೊಂಕಣಿಯಲ್ಲಿ ಅಜ್ಜಿಗೆ ವ್ಹಡ್ಲಿಮಾಂಯ್ ಎನ್ನುತ್ತೇವೆ. ಅಷ್ಟುದ್ದ ಹೇಳಲು ಪುರುಸೊತ್ತಿಲ್ಲದ ಈ ಹುಡುಗಿ ನಾಲ್ಕು ವರ್ಷದವಳಿರುವಾಗಲೇ ಅದನ್ನು ಕತ್ತರಿಸಿ ಮಾಯ್ ಮಾಡಿಕೊಂಡಳು.

ಅವಳಿಗೆ ಅಬುಧಾಬಿಯ ಒಂದು ಆಫೀಸಿನಲ್ಲಿ ಕೆಲಸ. ಸಮುದ್ರದ ತಳದಲ್ಲಿರುವ ಹವಳವನ್ನೂ ಹುಲ್ಲನ್ನೂ ನೋಡಿ ಬರೆದುಕೊಂಡು ಬರುವುದು. ಈಗ ನಾರ್ವೆಗೆ ಆರು ವಾರಗಳ ಟ್ರೇನಿಂಗಿಗೆ ಹೋಗುತ್ತಿದ್ದಾಳೆ. ಅಲ್ಲಿ ಸಮುದ್ರದೊಳಗೆ ಆಳೆತ್ತರದ ಪಾಚಿಯ ಕಾಡುಗಳಿವೆಯಂತೆ. ಏಸಿ ಹದಿನೆಂಟಕ್ಕಿಳಿದರೆ ನನ್ನ ಶಾಲು ಕಿತ್ತುಕೊಂಡು ಹೊದೆಯುವವಳು ಆ ನೀರಿಗೆ ಇಳಿಯುತ್ತಾಳಂತೆ. ಇಳಿಯಲಿ. ಈ ಮನೆಯಲ್ಲಿ ನನ್ನ ಅಭಿಪ್ರಾಯಕ್ಕೆ ಗೌರವವಿದೆ, ಮತವಿಲ್ಲ.

ಜೂನ್ ತಿಂಗಳ ಒಂದು ಶನಿವಾರ, ಹೊರಗೆ ನಲವತ್ನಾಲ್ಕು ಡಿಗ್ರಿ ಇರುವಾಗ, ನಾವಿಬ್ಬರೂ ಈ ಚಳಿಯ ಅಂಗಿ ಕೊಳ್ಳಲು ಹೋದೆವು. ಅಂಗಡಿ ಇಲ್ಲೇ ನಮ್ಮ ಬಡಾವಣೆ ಅಲ್ ಬರ್ಷಾದಲ್ಲಿ, ಮೆಟ್ರೋ ಸ್ಟೇಷನ್ನಿನ ಹಿಂದಿನ ರಸ್ತೆಯಲ್ಲಿ. ಅಂಗಡಿಯವ ಮಲ್ಪೆಯ ಸುಧಾಕರ. ಅಪ್ಪ ದೋಣಿಯಲ್ಲಿ ನೀರಿನ ಮೇಲಿದ್ದರು, ಮಗ ನೀರಿನ ಕೆಳಗಿನವರಿಗೆ ಸಾಮಾನು ಮಾರುತ್ತಾನೆ.

‘ಎಂತ ಅಮ್ಮ, ನೀವೂ ಡೈವ್ ಮಾಡ್ಲಿಕ್ಕುಂಟಾ?’ ಎಂದ.

‘ಡೈವಿಂಗ್ ಇಲ್ಲ. ಜಡ್ಜ್ ಮಾಡ್ಲಿಕ್ಕೆ ಬಂದದ್ದು’ ಎಂದೆ.

ಅವನು ಮೊದಲು ಒಂದು ರೆಡಿಮೇಡ್ ಸೂಟನ್ನು ಅವಳಿಗೆ ತೊಡಿಸಿದ. ಯುರೋಪಿನ ಉದ್ದಕಾಲಿನವರಿಗೆಂದು ಮಾಡಿದ್ದು. ಐದಡಿ ಒಂದಿಂಚಿನ ಜೊಯ್ಲಿನ್ ಅದರೊಳಗೆ ನಿಂತಾಗ ಕಾಲಿನ ಬಟ್ಟೆಯೆಲ್ಲ ಹಾರ್ಮೋನಿಯಮ್ಮಿನ ತಿದಿಯ ಹಾಗೆ ಮಡಿಕೆಯಾಗಿ ಕುಸಿಯಿತು. ಸೊಂಟದಲ್ಲಿ ಮಾತ್ರ ಬಿಗಿ. ಸುಧಾಕರ ಅವಳನ್ನು ಕುಕ್ಕರಗಾಲಲ್ಲಿ ಕೂರಿಸಿದ, ಮೊಣಕಾಲೂರಿಸಿದ, ಎರಡೂ ಕೈಗಳನ್ನು ತಲೆಯ ಹಿಂದಕ್ಕೆ ಒಯ್ಯಿಸಿದ. ಬೆನ್ನಿನ ಸಿಲಿಂಡರಿನ ತಿರುಪು ಕೈಗೆ ಸಿಗಬೇಕಂತೆ. ಸಿಗಲಿಲ್ಲ.

‘ಕಾಲಿನ ಹತ್ರ ಇನ್ನೊಬ್ಬಳು ಜೊಯ್ಲಿನಿಗೆ ಜಾಗ ಉಂಟು, ಸೊಂಟದ ಹತ್ರ ಅರ್ಧ ಜೊಯ್ಲಿನ್ ಹೊರಗೆ ಉಂಟು’ ಎಂದ ಸುಧಾಕರ. ‘ಇದು ಬೇಡ ಮಾರಾಯ್ರೆ. ಅಳತೆ ಕೊಟ್ಟು ಮಾಡಿಸುವ. ಟೈಟಾದ್ರೆ ಕೈ ಏಳುದಿಲ್ಲ. ಲೂಸಾದ್ರೆ...’

ಲೂಸಾದರೆ ಏನೆಂದೂ ಅವನು ಹೇಳಿದ. ನಾನು ಕೇಳಿಸಿಕೊಳ್ಳಲಿಲ್ಲ. ಲೂಸಾದರೆ ತೊಂದರೆ ಎಂಬ ವಾಕ್ಯ ನನ್ನ ಎಪ್ಪತ್ಮೂರು ವರ್ಷಗಳ ಕಿವಿಗೆ ಹೊಸದು. ಒಳಗೆ ಹೋಗಲು ಅದಕ್ಕೆ ಅಲ್ಲಿ ದಾರಿಯೇ ಇರಲಿಲ್ಲ.

ನನ್ನ ಗಮನವೆಲ್ಲ ಜಿಪ್ಪಿನ ಮೇಲಿತ್ತು. ಈ ಸೂಟುಗಳಲ್ಲಿ ಎರಡು ಬಗೆ. ಒಂದರ ಜಿಪ್ ಬೆನ್ನ ಮೇಲೆ, ಹೆಗಲಿನಿಂದ ಹೆಗಲಿಗೆ. ಇನ್ನೊಂದರದು ಎದೆಯ ಮೇಲೆ ಓರೆಯಾಗಿ, ಎಡಹೆಗಲಿನಿಂದ ಬಲಸೊಂಟಕ್ಕೆ, ಜನಿವಾರದ ಹಾಗೆ. ಬೆನ್ನಿನದನ್ನು ಹಾಕಲು ಇನ್ನೊಬ್ಬರು ಬೇಕು. ಎದೆಯದನ್ನು ತಾನೇ ಎಳೆದುಕೊಳ್ಳಬಹುದು.

‘ಬೆನ್ನಿನದೇ ಚೆಂದ, ಎದುರಿಗೆ ನೀಟಾಗಿರ್ತದೆ’ ಎಂದೆ.

‘ಮಾಯ್, ನನ್ಗೆ ಯಾರನ್ನೂ ಡಿಪೆಂಡ್ ಮಾಡ್ಲಿಕ್ಕೆ ಇಷ್ಟ ಇಲ್ಲ.’

ನನ್ನ ಕಾಲದ ಬ್ಲೌಸುಗಳಿಗೆಲ್ಲ ಹುಕ್ ಬೆನ್ನಿಗೇ ಇದ್ದದ್ದು. ಮನೆಯಲ್ಲಿ ನಾವು ಐದು ಜನ ಅಕ್ಕತಂಗಿಯರು. ಆದಿತ್ಯವಾರ ಪೂಜೆಗೆ ಹೊರಡುವ ಮುಂಚೆ ರೈಲಿನ ಡಬ್ಬಿಗಳ ಹಾಗೆ ಒಬ್ಬರ ಹಿಂದೆ ಒಬ್ಬರು ನಿಂತು, ಎದುರಿನವಳ ಹುಕ್ ಹಾಕುತ್ತಿದ್ದೆವು. ಯಾರ ಮೇಲೆ ಯಾರಿಗೆ ಸಿಟ್ಟೆಂದು ಹುಕ್ ಹಾಕುವ ಕೈಯಿಂದಲೇ ಗೊತ್ತಾಗುತ್ತಿತ್ತು. ಕಡೆಯವಳಿಗೆ ಅಮ್ಮ. ಮದುವೆಯ ದಿನ ನನ್ನ ಗೌನಿಗೆ ಬೆನ್ನ ಮೇಲೆ ಮೂವತ್ತೆರಡು ಬಟನ್. ಹಾಕಲು ಇಬ್ಬರು, ಬಿಚ್ಚಲು ಪಾಪ ಅವರೊಬ್ಬರೇ. ಇದನ್ನೆಲ್ಲ ಜೊಯ್ಲಿನಳಿಗೆ ಹೇಳಲಿಲ್ಲ. ಅವಳು ಎದೆಯ ಜಿಪ್ಪನ್ನೇ ಆರಿಸಿದಳು. ಸುಧಾಕರ ಹಿತ್ತಾಳೆಯ ಹಲ್ಲಿನ ಗಟ್ಟಿ ಜಿಪ್ ತೋರಿಸಿ, ಇದಕ್ಕೆ ಆಗಾಗ ಮೇಣ ತಿಕ್ಕಬೇಕು ಎಂದ. ಮೇಣ ನಮ್ಮಲ್ಲಿದೆ ಎಂದೆ. ಕ್ಯಾಥಲಿಕರ ಮನೆಯಲ್ಲಿ ಕ್ಯಾಂಡಲಿನ ತುಂಡಿಗೆ ಬರಗಾಲವೆ?

ಆಮೇಲೆ ಅವನು ಅಳತೆಯ ಟೇಪ್ ತೆಗೆದ. ನಾನು ಅದನ್ನು ನೋಡಿದೆ. ಅವನು ನನ್ನನ್ನು ನೋಡಿದ.

‘ಅಳತೆ ನಾನು ತೆಗೀತೇನೆ, ಮನೇಲಿ’ ಎಂದೆ.

‘ಅಮ್ಮ, ಇದು ಮದುವೆ ಗೌನ್ ಅಲ್ಲ.’

‘ಮೈ ಅದೇ ಅಲ್ಲವಾ?’

ಜೊಯ್ಲಿನ್ ನಕ್ಕಳು. ‘ಶಿ ಈಸ್ ದ ಬೆಸ್ಟ್, ಸುಧಾಕರಣ್ಣ. ಅರ್ಧ ದೇರಾದ ಮದುಮಕ್ಕಳಿಗೆ ಮಾಯ್‌ದೇ ಗೌನು.’

ಅದು ಸುಳ್ಳಲ್ಲ. ಅಲ್ ಐನಿನ ಒಂದು ಶಾಲೆಯಲ್ಲಿ ಹದಿನಾರು ವರ್ಷ ನಾನು ನೀಡಲ್‌ವರ್ಕ್ ಟೀಚರ್. ಆ ಸಬ್ಜೆಕ್ಟನ್ನೇ ಶಾಲೆ ಕೈಬಿಟ್ಟ ಮೇಲೆ ಇಲ್ಲಿನ ಹಳೆಯ ಬಡಾವಣೆ ದೇರಾದ ಫ್ಲ್ಯಾಟಿನಲ್ಲಿ, ಊರಿನ ಹುಡುಗಿಯರಿಗೆ ಮದುವೆಯ ಗೌನು ಹೊಲಿದೆ. ಇಲ್ಲಿ ಅಳತೆ, ಇಲ್ಲಿ ಹೊಲಿಗೆ, ಮದುವೆ ಮಂಗಳೂರಿನ ಇಗರ್ಜಿಯಲ್ಲಿ. ಒಂದು ಗೌನೂ ವಾಪಸು ಬಂದದ್ದಿಲ್ಲ. ಅದರ ಗುಟ್ಟು ನನ್ನದಲ್ಲ, ಸಿಸ್ಟರ್ ಯುಲಾಲಿಯಾ ಅವರದು.

ಸಿಸ್ಟರ್ ಯುಲಾಲಿಯಾ ನಮಗೆ ಹೊಲಿಗೆ ಕಲಿಸಿದವರು. ಕೊರಳಲ್ಲಿ ಒಂದು ಕಡೆ ಶಿಲುಬೆ, ಇನ್ನೊಂದು ಕಡೆ ಟೇಪು. ಅವರ ಕ್ಲಾಸಿನಲ್ಲಿ ಮೊದಲ ಪಾಠ ಸೂಜಿಗೆ ದಾರ ಪೋಣಿಸುವುದಲ್ಲ, ಒಂದು ವಾಕ್ಯ: ‘ವನ್ ಇಂಚ್ ಫಾರ್ ಗ್ರೋತ್, ವನ್ ಇಂಚ್ ಫಾರ್ ಮಾಡೆಸ್ಟಿ.’ ಇಂಗ್ಲಿಷ್ ತಲೆಗೆ ಹತ್ತದವರಿಗೆ ಅವರೇ ಬಿಡಿಸಿ ಹೇಳುತ್ತಿದ್ದರು: ಒಂದು ಇಂಚು ಬೆಳೆಯಲಿಕ್ಕೆ, ಒಂದು ಇಂಚು ಮರ್ಯಾದೆಗೆ. ಮೈಯ ಅಳತೆ ಎಷ್ಟೇ ಇರಲಿ, ಎರಡು ಇಂಚು ಸೇರಿಸಿಯೇ ಬರೆಯಬೇಕು. ಮೈಯ ನಿಜವಾದ ಅಳತೆಯನ್ನು ಪುಸ್ತಕದಲ್ಲಿ ಬರೆಯುವುದೇ ಒಂದು ಬಗೆಯ ಬೆತ್ತಲೆ ಎಂದು ಅವರ ಭಾವನೆ. ಬಾಯಿಬಿಟ್ಟು ಹಾಗೆ ಹೇಳಿದ್ದಿಲ್ಲ, ಆದರೆ ನಿಜ ಅಳತೆ ಬರೆದವರ ಪುಟಕ್ಕೆ ಕೆಂಪು ಗೆರೆ ಬೀಳುತ್ತಿತ್ತು. ಆ ಲೆಕ್ಕದಲ್ಲಿ ಹೊಲಿದ ಯೂನಿಫಾರ್ಮಿನಲ್ಲಿ ನಾವು ಅರುವತ್ತು ಹುಡುಗಿಯರು ಮೈದಾನದಲ್ಲಿ ನಿಂತರೆ, ಕಡಲಗಾಳಿ ಬಂದಾಗ ಹಾಯಿದೋಣಿಗಳ ಸಾಲು. ನಾವು ಬೆಳೆದೆವು, ಬಟ್ಟೆ ಯಾವಾಗಲೂ ನಮಗಿಂತ ಎರಡು ಇಂಚು ಮುಂದೆಯೇ ಇತ್ತು.

ನಾನು ಆ ಎರಡು ಇಂಚುಗಳನ್ನು ಎಷ್ಟು ಚೆನ್ನಾಗಿ ಕಲಿತೆನೆಂದರೆ, ಸೇರಿಸುತ್ತಿದ್ದೇನೆಂದು ನನಗೇ ಗೊತ್ತಾಗದ ಹಾಗೆ. ಕಣ್ಣು ಮೂವತ್ತೆರಡು ನೋಡುತ್ತದೆ, ಬಾಯಿ ಮೂವತ್ನಾಲ್ಕು ಹೇಳುತ್ತದೆ. ನಡುವೆ ನಾನಿಲ್ಲ.

ಅದರಿಂದ ಒಳ್ಳೆಯದೂ ಆಗಿದೆ. ದೇರಾದ ದಿನಗಳಲ್ಲಿ ಒಬ್ಬ ನರ್ಸ್ ಹುಡುಗಿ, ಹೆಸರು ಬೇಡ, ಮದುವೆಗೆ ಮೂರು ತಿಂಗಳಿರುವಾಗ ಅಳತೆ ಕೊಟ್ಟು ಹೋದಳು. ಊರಿಗೆ ಹೊರಡುವ ವಾರ ಟ್ರಯಲಿಗೆ ತಾಯಿಯ ಜೊತೆ ಬಂದಳು. ನನ್ನ ಗೌನುಗಳೆಲ್ಲ ಟ್ರಯಲಿನಲ್ಲಿ ಸ್ವಲ್ಪ ಸಡಿಲವಿರುತ್ತವೆ, ಆಮೇಲೆ ನಾನು ಹಿಡಿದು ಹೊಲಿಯುತ್ತೇನೆ. ಇವಳಿಗೆ ಮಾತ್ರ ಅಚ್ಚಿಗೆ ಹಾಕಿದ ಹಾಗೆ ಕೂತಿತು. ‘ಎಷ್ಟು ಕರೆಕ್ಟ್ ಟೀಚರ್ ನಿಮ್ಮ ಅಳತೆ!’ ಎಂದರು ತಾಯಿ. ಹುಡುಗಿ ಕನ್ನಡಿಯೊಳಗಿಂದ ನನ್ನನ್ನು ನೋಡಿದಳು. ನಾನು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿದ್ದೆ, ಏನೂ ಹೇಳುವ ಹಾಗಿರಲಿಲ್ಲ, ಬಹಳ ಅನುಕೂಲವಾಯಿತು. ಸಿಸ್ಟರ್ ಯುಲಾಲಿಯಾ ಬೆಳವಣಿಗೆಯನ್ನೂ ಮರ್ಯಾದೆಯನ್ನೂ ಒಂದೇ ವಾಕ್ಯದಲ್ಲಿ ಯಾಕೆ ಹೊಲಿದಿದ್ದರೆಂದು ಅವತ್ತು ತಿಳಿಯಿತು.

ಜೊಯ್ಲಿನಳ ಅಳತೆಗೆ ಬರುತ್ತೇನೆ. ಅದೇ ಶನಿವಾರ ಮಧ್ಯಾಹ್ನ ಬೆಡ್‌ರೂಮಿನಲ್ಲಿ ಅವಳು ನಿಂತಳು, ಲ್ಯಾಪ್‌ಟಾಪ್ ಮಂಚದ ಮೇಲೆ. ಇಪ್ಪತ್ತೇಳು ಅಳತೆಗಳು. ಕತ್ತು, ಮಣಿಕಟ್ಟು, ಮೀನಖಂಡ, ಹೆಬ್ಬೆರಳಿನ ಬುಡ. ಕೊರಳ ಮುಂದಿನಿಂದ ಹೊರಟು ಕಾಲುಗಳ ನಡುವೆ ಹಾದು ಬೆನ್ನೇರಿ ಕೊರಳ ಹಿಂದಕ್ಕೆ ಬರುವ ಇನ್ನೊಂದು, ಅದನ್ನು ತೆಗೆಯುವಾಗ ನಾನು ಗೋಡೆಯ ಮೇಲಿನ ಮಾತೆಯ ಚಿತ್ರವನ್ನು ನೋಡಲಿಲ್ಲ. ಫಾರ್ಮಿನ ಮೇಲ್ಗಡೆ ಎರಡು ಪುಟ ಸೂಚನೆಗಳಿದ್ದವು.

‘ಓದ್ಲಾ ಮಾಯ್?’

‘ಯಾರಿಗೆ? ನನಗಾ?’

‘ಓಕೆ ಓಕೆ, ಸಾರಿ ಟೀಚರ್!’

ನಾನು ಹೇಳಿದೆ, ಅವಳು ಟೈಪ್ ಮಾಡಿದಳು. ನಾಲ್ಕು ಗಂಟೆಗೆ ಫಾರ್ಮ್ ಹೋಯಿತು. ಚಹಾ ಕುಡಿದೆವು.

ಮಾರನೆಯ ದಿನ ಊಟವಾದ ಮೇಲೆ ಅವಳು ಸೋಫಾದಲ್ಲಿ ಒಂದು ವೀಡಿಯೋ ನೋಡುತ್ತಿದ್ದಳು. ಹಸಿರು ನೀರಿನಲ್ಲಿ ಒಬ್ಬ ಮನುಷ್ಯ ತಲೆಕೆಳಗಾಗಿ, ಕಾಲು ಮೇಲಾಗಿ, ಬೂಟುಗಳು ಬಲೂನಿನಂತೆ ಉಬ್ಬಿ ಮೇಲಕ್ಕೆ ಹೋಗುತ್ತಿದ್ದ. ಕೈ ಬಡಿಯುತ್ತಿದ್ದ. ನನಗೆ ತಮಾಷೆ ಎನಿಸಿತು.

‘ಇವ ಸರ್ಕಸ್ಸಿನವನಾ?’

‘ನೋ ಮಾಯ್. ಸೂಟ್ ಲೂಸ್ ಇತ್ತು. ಒಳಗಿನ ಏರ್ ಎಲ್ಲ ಕಾಲಿಗೆ ಓಡಿತು. ಹೀಗೆ ಆದ್ರೆ ಕಂಟ್ರೋಲ್ ಇರುದಿಲ್ಲ, ಸೀದಾ ಮೇಲೆ ಹೋಗ್ತಾನೆ. ಹಾಗೆ ಒಮ್ಮೆಲೆ ಮೇಲೆ ಬಂದ್ರೆ ಲಂಗ್ಸ್‌ಗೆ ಡೇಂಜರ್. ಪೀಪಲ್ ಡೈ.’ ಅವಳು ಪಾಪ್‌ಕಾರ್ನ್ ಬಾಯಿಗೆ ಹಾಕಿಕೊಂಡಳು. ‘ಅದಕ್ಕೇ ಅಲ್ವಾ ಮೇಡ್ ಟು ಮೆಷರ್.’

ನಾನು ರೂಮಿಗೆ ಹೋಗಿ ಕನ್ನಡಕ ಹಾಕಿಕೊಂಡು, ಅವಳು ನನಗೂ ಕಳಿಸಿದ್ದ ಫಾರ್ಮಿನ ಆ ಎರಡು ಪುಟಗಳನ್ನು ಫೋನಿನಲ್ಲಿ ಓದಿದೆ. ಮೈಗೆ ತಾಗಿಸಿ ಅಳೆಯಿರಿ. ಏನನ್ನೂ ಸೇರಿಸಬೇಡಿ. ಒಳಉಡುಪಿಗೆ ಬೇಕಾದ ಸಡಿಲವನ್ನು ನಾವೇ ಸೇರಿಸುತ್ತೇವೆ. ‘ಏನನ್ನೂ’ ಎಂಬುದರ ಕೆಳಗೆ ಗೆರೆ ಎಳೆದಿದ್ದರು, ಸಿಸ್ಟರ್ ಎಳೆಯುತ್ತಿದ್ದ ಹಾಗೆಯೇ. ಅವರು ಸೇರಿಸುವುದರ ಮೇಲೆ ನನ್ನ ಎರಡು ಇಂಚು. ಇಪ್ಪತ್ತೇಳು ಕಡೆ.

ಮೊದಲು ಪಾದ್ರಿಯವರಿಗೆ ಹೇಳಿಬಿಡೋಣ ಎನಿಸಿತು. ಅವರಿಗೆ ಹೇಳುವುದು ಸುಲಭ, ಅವರು ಡೈವಿಂಗ್ ಮಾಡುವುದಿಲ್ಲ. ಕೊನೆಗೆ ಸುಧಾಕರನಿಗೆ ಫೋನ್ ಮಾಡಿದೆ.

‘ಅಲ್ಲ ಸುಧಾಕರ, ಒಬ್ಬರು ಅಳತೆಗೆ ಒಂದೆರಡು ಇಂಚು ಸೇರಿಸಿದ್ರು ಅಂತ ಇಟ್ಟುಕೊ. ಏನಾದ್ರೂ ತೊಂದರೆ ಉಂಟಾ?’

‘ಯಾರಮ್ಮ ಆ ಒಬ್ಬರು?’

‘ಒಬ್ಬರು.’

‘ಆ ಒಬ್ಬರಿಗೆ ಹೇಳಿ, ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಫ್ಯಾಕ್ಟ್ರಿಯವರು ಕಟಿಂಗಿಗೆ ಕೊಡ್ತಾರೆ. ಕತ್ತರಿ ಹಾಕಿದ್ಮೇಲೆ ಖಲಾಸ್. ಟ್ರೇನಿಂಗಿಗೆ ಮುಂಚೆ ಇನ್ನೊಂದು ಸೂಟ್ ಆಗುದಿಲ್ಲ.’

‘ನೀನೇ ಎರಡೆರಡು ಇಂಚು ಕಡಿಮೆ ಮಾಡಿಬಿಡು ಮಗಾ.’

‘ಇಲ್ಲಮ್ಮ, ಅದು ನನ್ನಿಂದಾಗ್ಲಿಕ್ಕಿಲ್ಲ. ಪುನಃ ಅಳ್ದು, ಅವಳೇ ಸೈನ್ ಹಾಕಿ ಕಳಿಸ್ಬೇಕು. ನೀರಿಗೆ ಇಳಿಯುದು ಅವಳಲ್ವಾ?’

ಹಾಲಿಗೆ ಬಂದು ಟೀವಿಯ ಎದುರು ನಿಂತೆ. ಮನೆಯಲ್ಲಿ ನಾವಿಬ್ಬರೇ. ಅವಳ ಅಮ್ಮ, ಅಂದರೆ ನನ್ನ ಮಗಳು, ಆಸ್ಪತ್ರೆಯ ಡ್ಯೂಟಿಯಲ್ಲಿದ್ದಳು. ನಲವತ್ತು ವರ್ಷ ಯಾರೂ ಪ್ರಶ್ನಿಸದ ಟೇಪು ನನ್ನದು. ಅದೊಂದೇ ನನ್ನ ಸರ್ಟಿಫಿಕೇಟು ಎಂದರೂ ಸರಿ. ಬಾಗಿಲು ತಟ್ಟುವ ಹಾಗೆ ಟೀಪಾಯಿಯ ಮೇಲೆ ಎರಡು ಸಲ ತಟ್ಟಿ, ಹೇಳಿದೆ. ಸಿಸ್ಟರ್, ಬೆಳವಣಿಗೆ, ಮರ್ಯಾದೆ, ಇಪ್ಪತ್ತೇಳು, ಎಲ್ಲವನ್ನೂ.

ನಗುತ್ತಾಳೆ ಎಂದುಕೊಂಡಿದ್ದೆ. ನಗಲಿಲ್ಲ.

‘ನನ್ನ ಫಸ್ಟ್ ಕಮ್ಯುನಿಯನ್ ಫ್ರಾಕ್?’

‘ಎರಡು.’

‘ಸ್ಕೂಲ್ ಯೂನಿಫಾರ್ಮ್?’

‘ಅದಕ್ಕೆ ಮೂರು. ನೀನು ಬೇಗ ಬೆಳೀತಿದ್ದಿ.’

‘ಮತ್ತೆ ಹದಿನಾಲ್ಕು ವರ್ಷಕ್ಕೆ ನೀನು ನನ್ನ ವೇಯ್ಸ್ಟ್ ಅಳತೆ ಮಾಡಿ ಹೇಳಿದ್ದು? ಆ ಕ್ರಿಸ್ಮಸ್ ಸ್ಕರ್ಟಿಗೆ?’

ನನಗೆ ನೆನಪಿರಲಿಲ್ಲ. ಆದರೆ ಉತ್ತರ ಗೊತ್ತಿತ್ತು.

‘ಮಾಯ್, ನಾನು ಆ ನಂಬರ್ ಬರ್ದು ಕಪಾಟಿನೊಳಗೆ ಅಂಟಿಸಿದ್ದೆ. ಫ್ರೆಂಡ್ಸ್ ಎಲ್ಲ ಇಪ್ಪತ್ತಾರು, ಇಪ್ಪತ್ತೇಳು. ನಾನು ಮಾತ್ರ ಇಪ್ಪತ್ತೊಂಬತ್ತು. ಎರಡು ತಿಂಗಳು ಡಿನ್ನರ್ ಬಿಟ್ಟಿದ್ದೆ, ಹೋಮ್‌ವರ್ಕ್ ಉಂಟು ಅಂತ ಸುಳ್ಳು ಹೇಳಿ. ಎವ್ರಿ ಶಾಪಲ್ಲಿ ದೊಡ್ಡ ಸೈಜ್ ತಗೊಳ್ತಿದ್ದೆ. ಲೂಸ್ ಆದ್ರೆ ಬಟ್ಟೆದೇ ತಪ್ಪು ಅಂದ್ಕೊಳ್ತಿದ್ದೆ. ಯಾಕಂದ್ರೆ ನೀನು ಹೇಳಿದ್ದು. ಮಾಯ್‌ದು ಟೇಪ್ ಸುಳ್ಳು ಹೇಳುದಿಲ್ಲಲ್ಲಾ.’

ಟೇಪ್ ಸುಳ್ಳು ಹೇಳಿರಲಿಲ್ಲ, ನಿಜ. ಅದನ್ನು ಹೇಳಿ ಪ್ರಯೋಜನವಿರಲಿಲ್ಲ.

ಹೋಮ್‌ವರ್ಕ್ ಎಂದು ಬಾಗಿಲು ಹಾಕಿಕೊಳ್ಳುತ್ತಿದ್ದ ಆ ಸಂಜೆಗಳು ಮಾತ್ರ ನೆನಪಾದವು. ಎಷ್ಟು ಓದುತ್ತಾಳೆ ಎಂದು ನೆರೆಯವರೊಡನೆ ಹೆಮ್ಮೆಯಿಂದ ಹೇಳಿಕೊಂಡಿದ್ದೆ. ಸಾರಿ ಎನ್ನಲು ಬಾಯಿ ತೆರೆದೆ. ಬಚ್ಚಲುಮನೆಯಲ್ಲಿ ತಲೆಯಿಲ್ಲದ ಸೂಟಿಗೂ ಸರಾಗವಾಗಿ ಹೇಳಬಲ್ಲ ಆ ಶಬ್ದ ಆಗ ಬರಲಿಲ್ಲ. ‘ಅಳತೆ ಪುನಃ ತೆಗೀಬೇಕು’ ಎಂದೆ.

ಅವಳು ಎದ್ದು ಬೆಡ್‌ರೂಮಿಗೆ ಹೋದಳು. ಬಾಗಿಲು ಹಾಕಿಕೊಳ್ಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಒಳಗಿಂದ, ‘ಟೇಪ್ ತಗೊಂಡು ಬಾ’ ಎಂದಳು.

ಕಪಾಟಿನ ಕನ್ನಡಿಯ ಎದುರು ನಿಂತಿದ್ದಳು.

‘ನೀನು ಹಿಡಿ. ಓದಬೇಡ.’

ಹಾಗೇ ಆಯಿತು. ನಾನು ಟೇಪು ಸುತ್ತಿ ಹೆಬ್ಬೆರಳಿನಿಂದ ಒತ್ತಿ ಹಿಡಿಯುವುದು, ಅವಳು ಬಗ್ಗಿ ಓದಿ ಬರೆದುಕೊಳ್ಳುವುದು. ಬೆನ್ನಿನ ಕಡೆಯದಕ್ಕೆ ನಾನು ಫೋಟೋ ತೆಗೆದು ತೋರಿಸಬೇಕು. ನಾಲ್ಕೈದು ಕಡೆ ನನ್ನ ಬಾಯಿ ತಾನಾಗಿ ಅಲ್ಲಾಡಿತು. ‘ಮಾಯ್!’ ಎಂದಳು. ತುಟಿ ಮುಚ್ಚಿದೆ. ಗುಂಡುಸೂಜಿ ಕಚ್ಚಿಕೊಂಡಿದ್ದರೆ ಚೆನ್ನಾಗಿತ್ತು. ಸೊಂಟದ ಅಳತೆ ಬಂದಾಗ ಅವಳು ಸಂಖ್ಯೆಯನ್ನು ತಕ್ಷಣ ಬರೆಯಲಿಲ್ಲ. ಕನ್ನಡಿಯಲ್ಲಿ ತನ್ನನ್ನು ನೋಡುತ್ತ ನಿಂತಳು, ಪರಿಚಯವಿರುವ ಯಾರನ್ನೋ ಬಹಳ ವರ್ಷಗಳ ಮೇಲೆ ಏರ್‌ಪೋರ್ಟಿನಲ್ಲಿ ಕಂಡ ಹಾಗೆ. ನಾನು ಟೇಪು ಹಿಡಿದೇ ಇದ್ದೆ. ಅದು ಒಂದು ನೂಲೂ ಜಾರಲಿಲ್ಲ, ಅಷ್ಟು ಮಟ್ಟಿಗೆ ಸಿಸ್ಟರ್ ಚೆನ್ನಾಗಿಯೇ ಕಲಿಸಿದ್ದರು.

ಸಂಜೆ ಆರಕ್ಕೆ ಹೊಸ ಫಾರ್ಮ್ ಹೋಯಿತು. ‘ಆ ಒಬ್ಬರಿಗೆ ಥ್ಯಾಂಕ್ಸ್ ಹೇಳಿ’ ಎಂದು ಸುಧಾಕರ ನನಗೆ ಮೆಸೇಜ್ ಹಾಕಿದ. ಜೊಯ್ಲಿನ್ ಎರಡು ದಿನ ನನ್ನೊಡನೆ ಬರೀ ಇಂಗ್ಲಿಷ್ ಮಾತಾಡಿದಳು. ಮೂರನೆಯ ದಿನ ‘ಮಾಯ್, ಮೀನು ಎಂತ ಇವತ್ತು?’ ಎಂದಳು. ಅಷ್ಟೇ. ನಮ್ಮ ಮನೆಯಲ್ಲಿ ಯಾವುದನ್ನೂ ಇದಕ್ಕಿಂತ ಹೆಚ್ಚು ಮುಗಿಸುವ ಪದ್ಧತಿಯಿಲ್ಲ.

ಏಳು ವಾರಗಳಾದ ಮೇಲೆ ಸೂಟು ಬಂತು. ಕಳೆದ ಶನಿವಾರ ಸುಧಾಕರನ ಪರಿಚಯದ ಒಂದು ಈಜುಕೊಳದಲ್ಲಿ ಟ್ರಯಲ್. ನಾನೂ ಹೋದೆ, ಮೇಣದ ತುಂಡಿನ ಸಮೇತ. ರಬ್ಬರಿನ ಕೊರಳಪಟ್ಟಿಗೆ ಪೌಡರ್ ಹಚ್ಚಿ ತಲೆ ತೂರಿಸುವಾಗ ಜೊಯ್ಲಿನ್ ಒಂದು ಕ್ಷಣ ಕಾಣದಾದಳು, ಆಮೇಲೆ ಕೆಂಪು ಮುಖ ಹೊರಗೆ ಬಂತು, ಈಗ ತಾನೇ ಹುಟ್ಟಿದವಳಂತೆ ಸಿಟ್ಟಿನ ಮುಖ. ಕುಕ್ಕರಗಾಲಲ್ಲಿ ಕೂತಳು. ಮೊಣಕಾಲೂರಿದಳು. ಎರಡೂ ಕೈ ತಲೆಯ ಹಿಂದೆ ಹೋದವು. ಕಾಲಿನಲ್ಲಿ ಒಂದು ಮಡಿಕೆ ಇಲ್ಲ, ಸೊಂಟದಲ್ಲಿ ಎಳೆತವಿಲ್ಲ. ನಾನು ಹೊಲಿದ ಯಾವ ಬಟ್ಟೆಯೂ ಅವಳ ಮೈಮೇಲೆ ಹಾಗೆ ಕೂತದ್ದಿಲ್ಲ. ಅದನ್ನು ಹೇಳಿಬಿಡುವುದು ಒಳ್ಳೆಯದು.

ಎದೆಯ ಮೇಲಿನ ಜಿಪ್ಪನ್ನು ಅವಳೇ ಸೊಂಟದವರೆಗೆ ಎಳೆದುಕೊಂಡಳು, ಯಾರನ್ನೂ ಕೇಳದೆ. ನೀರಿನ ಮೆಟ್ಟಿಲಿಗೆ ಕಾಲಿಟ್ಟಳು.

‘ಓಯ್, ನಿಲ್ಲು ನಿಲ್ಲು!’ ಎಂದ ಸುಧಾಕರ. ‘ಜಿಪ್ ಯಾರು ನೋಡಿದ್ದು?’

‘ನಾನೇ ಹಾಕಿದ್ದು.’

‘ಹಾಕುದು ನೀನೇ. ನೋಡುದು ಬೇರೆಯವ್ರು. ಎಲ್ಲಿ ಹೋದ್ರೂ ಅದೇ ರೂಲು. ಕೊನೆದು ನಿಂಗೆ ಕಾಣುದಿಲ್ಲ.’ ಅವನು ನನ್ನ ಕಡೆ ತಿರುಗಿದ. ‘ಅಮ್ಮ, ನೋಡಿ ಒಮ್ಮೆ.’

ಕನ್ನಡಕ ಹಾಕಿಕೊಂಡೆ. ಹೆಗಲಿನಿಂದ ಶುರು ಮಾಡಿ ಹಿತ್ತಾಳೆಯ ಹಲ್ಲುಗಳ ಮೇಲೆ ಹೆಬ್ಬೆರಳು ಒಯ್ದೆ, ಎದೆ ದಾಟಿ, ಪಕ್ಕೆ ದಾಟಿ, ಸೊಂಟದವರೆಗೆ. ಅಲ್ಲಿ ಬೆರಳಿಗೆ ಒಂದು ಸಣ್ಣ ಬಾಯಿ ಸಿಕ್ಕಿತು.

‘ಖಲಾಸ್?’ ಎಂದಳು ಜೊಯ್ಲಿನ್.

‘ಇಲ್ಲ. ಅರ್ಧ ಇಂಚು ಬಾಕಿ ಉಂಟು.’

ಅವಳು ನನ್ನನ್ನೇ ನೋಡಿದಳು. ‘ನಿಜವಾದ ಅರ್ಧವಾ, ನಿನ್ನ ಅರ್ಧವಾ?’

‘ನೀನೇ ಓದು’ ಎಂದು ಕೈ ತೆಗೆದೆ.

ಬಿಗಿ ಕೊರಳಪಟ್ಟಿಯ ಮೇಲೆ ಗಲ್ಲ ಒತ್ತಿ ಬಗ್ಗಿ ನೋಡಲು ಹೋದಳು, ಕಾಣಲಿಲ್ಲ. ಇನ್ನೊಮ್ಮೆ ನೋಡಿದಳು. ಆಮೇಲೆ ನೆಟ್ಟಗೆ ನಿಂತು ಎರಡೂ ಕೈಗಳನ್ನು ಪಕ್ಕಕ್ಕೆ ಎತ್ತಿ ಹಿಡಿದಳು, ಸಣ್ಣವಳಿರುವಾಗ ಫ್ರಾಕಿನ ಟ್ರಯಲಿಗೆ ನಿಲ್ಲುತ್ತಿದ್ದ ಹಾಗೆ.

‘ಎಳಿ, ಮಾಯ್.’

ಎಳೆದೆ. ಕೊನೆಯ ಹಲ್ಲಿನವರೆಗೂ.